ಗಂಟಿ ಗುಡಿಯ ಸುಣ್ಣ

ಇವತ್ತು ಬೆಳಿಗ್ಗೆ ಚಹಾದ ಲೋಟ ತುಟಿಗೆ ತಂದಾಗ ಚಹಾಕ್ಕಿಂತ ಮೊದಲು ಬೆರಳಿನ ಸುಣ್ಣದ ವಾಸನೆ ಮೂಗಿಗೆ ಬಂತು. ನಿನ್ನೆ ಸಂಜೆ ಮೂರು ಸಲ ಸೋಪು ಹಚ್ಚಿ ತೊಳೆದಿದ್ದೆ, ಕೊಬ್ಬರಿ ಎಣ್ಣೆಯನ್ನೂ ತಿಕ್ಕಿದ್ದೆ. ಸುಣ್ಣ ಅಷ್ಟು ಸುಲಭಕ್ಕೆ ಕೈ ಬಿಡುವ ವಸ್ತುವಲ್ಲ. ಹೆಂಡತಿ ಕುರ್ಚಿಯನ್ನು ಒಂದು ಮಾರು ದೂರ ಎಳೆದುಕೊಂಡು ಕೂತು, ಪಾರ್ವತಿನಗರದ ರಿಟೈರಾದ ಗಂಡಸರೆಲ್ಲ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಪೇಪರ್ ಓದಿ ಸರಕಾರಕ್ಕೆ ಬುದ್ಧಿ ಹೇಳುತ್ತಾರೆ, ನೀವೊಬ್ಬರೇ ಮೈತುಂಬ ಸುಣ್ಣ ಮೆತ್ತಿಕೊಂಡು ಮನೆಗೆ ಬರುತ್ತೀರಿ ಎಂದಳು. ಮಾತು ನಿಜ, ನಾನು ಎದುರಾಡಲಿಲ್ಲ. ಆದರೆ ಆ ವಾಸನೆ ನನಗೆ ಹಿತವಾಗಿತ್ತು. ಅದು ಯಾಕೆ ಹಿತವಾಗಿತ್ತು ಎಂಬುದನ್ನು ಹೇಳಬೇಕಾದರೆ ನಿಮಗೆ ಸುಂಕಮ್ಮನ ಕಥೆ ಹೇಳಬೇಕು, ನನ್ನ ಮಾನ ನಾನೇ ಸ್ವಲ್ಪ ಕಳೆದುಕೊಳ್ಳಬೇಕು.

ಮೊದಲು ನನ್ನದೊಂದು ಕೆಟ್ಟ ಚಾಳಿಯನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಯಾರ ಮನೆಗೆ ಹೋದರೂ ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿ ನೋಡುತ್ತೇನೆ. ಗಟ್ಟಿ ಗೋಡೆಯ ಸದ್ದು ಒಂದು, ಒಳಗೆ ಗಾರೆ ಬಿಟ್ಟುಕೊಂಡು ಪೊಳ್ಳಾದ ಗೋಡೆಯ ಸದ್ದು ಇನ್ನೊಂದು. ಮದುವೆಮನೆ, ಸಾವಿನ ಮನೆ, ಡಾಕ್ಟರ ಕೋಣೆ, ಎಲ್ಲಿಯೂ ಕೈ ಸುಮ್ಮನಿರುವುದಿಲ್ಲ. ಸತ್ಯನಾರಾಯಣಪೇಟೆಗೆ ಹೆಣ್ಣು ನೋಡಲು ಹೋದಾಗಲೂ ಹೀಗೇ ಆಯಿತು. ಹಳೆಯ ಗಾರೆ ಮನೆ, ಹೊರಗೆ ಬಿಸಿಲು ಬೆಂಕಿ ಸುರಿಯುತ್ತಿದ್ದರೂ ಒಳಗೆ ತಂಪು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದರೆ ನಾನು ಗೋಡೆಗೆ ಕಿವಿಯಿಟ್ಟು ನಿಂತಿದ್ದೆ. ಹುಡುಗ ಮನೆಯನ್ನೇ ವರದಕ್ಷಿಣೆಗೆ ಕೇಳುವ ಅಂದಾಜಿನಲ್ಲಿದ್ದಾನೆ ಎಂದು ಅವರ ಕಡೆಯವರು ಗಾಬರಿಯಾದರಂತೆ. ಮನೆ ಕೇಳಲಿಲ್ಲ, ಹುಡುಗಿಯನ್ನಷ್ಟೇ ಕೇಳಿದೆ. ಇವತ್ತು ದೂರ ಕೂತು ಚಹಾ ಕುಡಿದವಳು ಅವಳೇ. ಗೋಡೆ ತಟ್ಟುವ ಈ ಚಾಳಿಯನ್ನು ನನಗೆ ಅಂಟಿಸಿದವಳು ಮಾತ್ರ ಸುಂಕಮ್ಮ.

ನಾನು ಹುಟ್ಟಿ ಬೆಳೆದದ್ದು ಕುರುಗೋಡಿನಲ್ಲಿ. ಬೆಟ್ಟದಷ್ಟು ದೊಡ್ಡ ಬಸವಣ್ಣನ ನೆರಳಲ್ಲಿ ಗೋಲಿ ಆಡಿದವನು. ಅಂಥ ಊರಿನ ಹುಡುಗನಿಗೆ ಕಟ್ಟಡ ಎಂದರೆ ಕಲ್ಲು, ಉಳಿದದ್ದೆಲ್ಲ ತಾತ್ಕಾಲಿಕ ಎಂದೇ ಅನ್ನಿಸುತ್ತಿತ್ತು. ಆಮೇಲೆ ಡಿಪ್ಲೊಮಾ ಓದಿದೆ. ಕಲ್ಲಿನ ಜಾಗಕ್ಕೆ ಸಿಮೆಂಟ್ ಬಂತು, ಭಕ್ತಿ ಅದೇ ಉಳಿಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಬಳ್ಳಾರಿಯಲ್ಲಿ ಒಬ್ಬ ಕಂಟ್ರಾಕ್ಟರರ ಬಳಿ ಸೂಪರ್‌ವೈಜರ್ ಆಗಿ ಸೇರಿದ ಹೊಸದರಲ್ಲಿ ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಟೇಪು ಹಿಡಿದು, ನಲವತ್ತು ವರ್ಷ ಕರಣೆ ಹಿಡಿದ ಮೇಸ್ತ್ರಿಗಳಿಗೆ ಗೋಡೆ ಎಂದರೇನು ಎಂದು ಪಾಠ ಹೇಳುತ್ತಿದ್ದೆ.

ಆ ಹೊತ್ತಿಗೆ ಸಿಕ್ಕಿದ್ದು ಗಂಟಿ ಗುಡಿಯ ಕೆಲಸ. ಕಂಟೋನ್ಮೆಂಟ್ ಕಡೆ ನೀವು ಓಡಾಡಿದ್ದರೆ ಹಳೆಯ ಬಂಗಲೆಗಳನ್ನೂ ಹಳೆಯ ಆಫೀಸುಗಳನ್ನೂ ಬೇವಿನ ಮರಗಳ ನಡುವೆ ನಿಂತ ಚರ್ಚುಗಳನ್ನೂ ನೋಡಿರುತ್ತೀರಿ. ಬಿಳಿಯ ಸೈನಿಕರ ಕಾಲದವು. ಕೆಳಗೆ ಕಗ್ಗಲ್ಲು, ಮೇಲೆ ಇಟ್ಟಿಗೆ, ಅದರ ಮೇಲೆ ಬೆರಳು ದಪ್ಪ ಸುಣ್ಣದ ಗಾರೆ. ಅವುಗಳಲ್ಲೊಂದು ಚರ್ಚನ್ನು ಸುತ್ತಲಿನ ಜನ ಗಂಟಿ ಗುಡಿ ಎಂದೇ ಕರೆಯುತ್ತಾರೆ, ಯಾಕೆಂದರೆ ಅದರ ಗೋಪುರದಲ್ಲಿ ಒಂದು ಭಾರಿ ಗಂಟೆ ಇದೆ. ಗಂಟೆಯ ಅಂಚಿನಲ್ಲಿ ಐರ್ಲೆಂಡಿನ ಯಾವುದೋ ಒಂದು ಸಣ್ಣ ಪಟ್ಟಣದ ಹೆಸರು ಕೊರೆದಿದೆ. ಗಂಟೆ ಬಾರಿಸುತ್ತಿದ್ದ ರತ್ನಂ ತಾತ ಅದನ್ನು ತೆಲುಗಿನ ಊರಿನ ಹೆಸರಿನಷ್ಟು ಸಲೀಸಾಗಿ ಎಳೆದು ಓದುತ್ತಿದ್ದರು. ನನ್ನ ನಾಲಿಗೆಗೆ ಅದು ಇವತ್ತಿಗೂ ಹೊರಳಿಲ್ಲ. ಮಳೆ ಬಿಟ್ಟೂ ಬಿಡದ ನಾಡಿನಿಂದ ಬಂದ ಆ ಸೈನಿಕ ಹುಡುಗರು ನಮ್ಮ ಬಿಸಿಲಿನಲ್ಲಿ ಬೆಂದು, ತಮ್ಮ ಊರಿನ ಗಂಟೆಯ ಸದ್ದನ್ನಾದರೂ ಕೇಳೋಣ ಎಂದು ತರಿಸಿಕೊಂಡಿರಬೇಕು ಎಂದು ತಾತ ಹೇಳುತ್ತಿದ್ದರು. ನಮ್ಮವರು ಎಲ್ಲಿ ಹೋದರೂ ಜೋಳದ ರೊಟ್ಟಿ ಹುಡುಕುವುದಿಲ್ಲವೇ, ಹಾಗೆ.

ಆ ಗೋಪುರದ ಗಾರೆ ಅಲ್ಲಲ್ಲಿ ಉದುರಿತ್ತು, ರಿಪೇರಿ ಮಾಡಬೇಕಿತ್ತು. ಗಾರೆ ಅರೆಯಲು ಸಿರಿಗೇರಿಯಿಂದ ಮುಂಜಾನೆಯ ಬಸ್ಸಿಗೆ ಬರುತ್ತಿದ್ದವಳು ಸುಂಕಮ್ಮ. ಆಗ ಆಕೆಗೆ ನಲವತ್ತಿರಬಹುದು. ಕುಪ್ಪಸದ ತೋಳು ಮೇಲೇರಿಸಿ, ಸೀರೆಯನ್ನು ಕಚ್ಚೆ ಹಾಕಿ ನಿಂತರೆ ಮೇಸ್ತ್ರಿಗಳೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಚರ್ಚಿನ ಹಿಂದೆ ಕುದುರೆಗಳಿಗೆ ನೀರು ಕುಡಿಸುತ್ತಿದ್ದ ಹಳೆಯ ಕಲ್ಲಿನ ತೊಟ್ಟಿಯೊಂದಿತ್ತು. ಅದರಲ್ಲಿ ಸುಣ್ಣದ ಹರಳನ್ನು ಅರಳಿಸಿ ಮೂರು ವಾರ ನೀರಿನ ಕೆಳಗೆ ಮಲಗಿಸುತ್ತಿದ್ದಳು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಬೇರೆ. ಉಸುಕು ಸಿರುಗುಪ್ಪದ ಹೊಳೆಯದೇ ಆಗಬೇಕು. ಲಾರಿ ಬಂದು ನಿಂತ ಕೂಡಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಸವಿದು, ಸವಳು ನೆಲದ ಉಪ್ಪು ತಗುಲಿದರೆ ಉಗುಳಿ, ವಾಪಸು ಕಳಿಸುತ್ತಿದ್ದಳು. ನನಗೆ ಅದು ತಮಾಷೆ. ಉಸುಕನ್ನು ಪರೀಕ್ಷಿಸಲು ಲ್ಯಾಬ್ ಇರುತ್ತದೆ ಎಂದು ಒಮ್ಮೆ ಹೇಳಿದ್ದಕ್ಕೆ, ನನ್ನ ಬಾಯಿ ಊಟ ಮಾಡಾಕಷ್ಟ ಅಲ್ರಿ ಎಂದಿದ್ದಳು. ಗೋಡೆ ತಟ್ಟಿ ಕೇಳುವುದನ್ನು ಕಲಿಸಿದ್ದೂ ಆಗಲೇ. ಮಧ್ಯಾಹ್ನ ರೊಟ್ಟಿ ಬಿಚ್ಚುವ ಮೊದಲು ನನ್ನನ್ನು ಗೋಡೆಯುದ್ದಕ್ಕೂ ನಡೆಸಿ, ಎಲ್ಲಿ ಪೊಳ್ಳು, ಎಲ್ಲಿ ಗಟ್ಟಿ ಎಂದು ಕೇಳುತ್ತಿದ್ದಳು. ತಪ್ಪು ಹೇಳಿದರೆ ಚಟ್ನಿ ಇಲ್ಲ.

ಗಾರೆಯ ಕೆಲಸ ನಿಧಾನ. ಕೆಳಗಿನ ಅಂತಸ್ತು ಮುಗಿಯುವಷ್ಟರಲ್ಲಿ ಕ್ರಿಸ್ಮಸ್ ಹತ್ತಿರ ಬಂತು. ಹಬ್ಬಕ್ಕೆ ಗೋಪುರ ಹೊಸದಾಗಿ ಕಾಣಬೇಕು ಎಂದು ಚರ್ಚಿನ ಹಿರಿಯರಿಗೆ ಆಸೆ, ಬೇಗ ಮುಗಿಸಬೇಕು ಎಂದು ಕಂಟ್ರಾಕ್ಟರರಿಗೆ ಆತುರ, ಜಾಣ ಎನಿಸಿಕೊಳ್ಳಬೇಕು ಎಂದು ನನಗೆ ಚಪಲ. ಮೇಲಿನದಕ್ಕೆಲ್ಲ ಸಿಮೆಂಟ್ ಹೊಡೆಸೋಣ, ಹತ್ತು ದಿನದಲ್ಲಿ ಮುಗಿಯುತ್ತದೆ, ನೂರು ವರ್ಷ ಬಾಳುತ್ತದೆ ಎಂದು ಹೇಳಿದವನು ನಾನೇ. ಯಾರೂ ಒತ್ತಾಯ ಮಾಡಿರಲಿಲ್ಲ. ಸುಂಕಮ್ಮ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು ನಿಂತಳು.

“ಈ ಗ್ವಾಡಿ ನೀರು ಕುಡಿತೈತಿ, ಬಿಸಲಿಗೆ ಬೆವರತೈತ್ರಿ ಸಾರ್. ಇದಕ ನೀವು ರೇನ್‌ಕೋಟ್ ಹೊದಿಸಿದ್ರ ಒಳಗ ಬೆವತು ಬೆವತು ಸಾಯ್ತೈತಿ.”

ಸುತ್ತ ನಿಂತವರೆಲ್ಲ ನನ್ನ ಮುಖ ನೋಡಿದರು. ಇಪ್ಪತ್ತೆರಡು ವರ್ಷದ ಮುಖ. ಉತ್ತರ ಗೊತ್ತಿಲ್ಲದವನು ಮಾಡುವುದನ್ನೇ ನಾನೂ ಮಾಡಿದೆ. ನಕ್ಕೆ. ನಕ್ಕು, “ಸುಂಕಮ್ಮ, ನಾಳೆಯಿಂದ ನೀ ಬರೋದು ಬ್ಯಾಡ” ಎಂದೆ.

ಆಕೆ ಜಗಳ ಮಾಡಲಿಲ್ಲ. ತೊಟ್ಟಿಯಲ್ಲಿ ಇನ್ನೂ ಅರ್ಧ ಸುಣ್ಣ ಉಳಿದಿತ್ತು. ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ನೀರು ತುಂಬಿ, ಇಬ್ಬರಿಂದ ಕಲ್ಲುಚಪ್ಪಡಿ ಎತ್ತಿಸಿ ಮುಚ್ಚಿದಳು. ರತ್ನಂ ತಾತನ ಹತ್ತಿರ ಏನೋ ಹೇಳಿ, ಬುತ್ತಿಯ ಗಂಟು ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ಕ್ರಿಸ್ಮಸ್ಸಿಗೆ ಗೋಪುರ ಮಿರಿಮಿರಿ ಮಿಂಚಿತು. ಹಿರಿಯರು ನನಗೊಂದು ಶಾಲು ಹೊದಿಸಿದರು. ಆ ಶಾಲು ಬಹಳ ದಿನ ಬಾಳಿತು, ಸಿಮೆಂಟಿಗಿಂತ ಹೆಚ್ಚು ದಿನ.

ಇದಾಗಿ ಮೂವತ್ತೈದು ವರ್ಷ. ನಡುವೆ ನಾನು ಮನೆ ಕಟ್ಟಿಸಿದೆ, ಗೋದಾಮು ಕಟ್ಟಿಸಿದೆ, ಕೆಲಸ ಬಿಟ್ಟು ಮನೆಯಲ್ಲಿ ಕೂತೆ. ಸುಂಕಮ್ಮನ ನೆನಪು ಬೆರಳ ಗೆಣ್ಣಿನಲ್ಲಿ ಮಾತ್ರ ಉಳಿದಿತ್ತು. ಹೋದ ವರ್ಷ ಒಂದು ದಿನ ಸುಗುಣ ಎಂಬ ಹೆಣ್ಣುಮಗಳು ಫೋನ್ ಮಾಡಿದಳು. ರತ್ನಂ ತಾತನ ಮಗಳಂತೆ, ತಾತ ತೀರಿಕೊಂಡ ಮೇಲೆ ಗಂಟೆ ಬಾರಿಸುವವಳು ಅವಳೇ. ಚಿಕ್ಕವಳಿದ್ದಾಗ ನನ್ನನ್ನು ನೋಡಿದ್ದಳು. ಗೋಪುರದಿಂದ ಒಂದು ಬಾಗಿಲಿನಷ್ಟು ದೊಡ್ಡ ಚಕ್ಕೆ ಭಾನುವಾರದ ಪ್ರಾರ್ಥನೆಯ ಹೊತ್ತಿನಲ್ಲಿ ಕಳಚಿ ಬಿತ್ತು, ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ, ಈಗ ಕಮಿಟಿಯವರು ಗೋಪುರವನ್ನೇ ಕೆಡವಿ ಗಂಟೆಯನ್ನು ಕೆಳಗಿಳಿಸುವ ಮಾತಾಡುತ್ತಿದ್ದಾರೆ, ನೀವೊಮ್ಮೆ ಬಂದು ನೋಡಿ ಎಂದಳು.

ಹೋದೆ. ತಟ್ಟಿದೆ. ಮೇಲಿನ ಅಂತಸ್ತು ಪೂರ್ತಿ ಡೊಳ್ಳಿನ ಹಾಗೆ ಸದ್ದು ಮಾಡಿತು. ಸಿಮೆಂಟಿನ ಬಿರುಕಿಗೆ ಬೆರಳು ಹಾಕಿದರೆ ಒಳಗಿನ ಇಟ್ಟಿಗೆ ಹಸಿ ಬೂದಿಯ ಹಾಗೆ ಕೈಗೆ ಬಂತು. ಬಿರುಕಿನಲ್ಲಿ ಇಳಿದ ನೀರು ಹೊರಗೆ ಬರಲು ದಾರಿ ಕಾಣದೆ ಮೂವತ್ತೈದು ವರ್ಷ ಇಟ್ಟಿಗೆಯನ್ನೇ ತಿಂದಿತ್ತು. ಕೆಳಗಿನ ಅಂತಸ್ತು, ಸುಂಕಮ್ಮನದು, ಕಲ್ಲಿನಂತೆ ನಿಂತಿತ್ತು. ಸುಗುಣ ಪಕ್ಕದಲ್ಲೇ ಇದ್ದಳು, ಏನಾಗಿದೆ ಎಂದು ಕೇಳಿದಳು. ನಾನು ವಿಚಾರ ಮಾಡಿ ಹೇಳುತ್ತೇನೆ ಎಂದೆ. ವಿಚಾರ ಮಾಡಲು ಏನೂ ಇರಲಿಲ್ಲ. ಬಾಯಿ ಬರಲಿಲ್ಲ ಅಷ್ಟೇ. ಅಂದು ಮನೆಯಲ್ಲಿ ಊಟ ಸೇರಲಿಲ್ಲ. ಹೆಂಡತಿ ಮೈ ಮುಟ್ಟಿ ನೋಡಿ ಜ್ವರ ಇಲ್ಲ ಎಂದಳು. ನಾಚಿಕೆಗೆ ಮೈ ಬಿಸಿಯಾಗುವುದಿಲ್ಲ.

ಮರುದಿನ ಸಿರಿಗೇರಿಯ ಬಸ್ಸು ಹತ್ತಿದೆ. ಸುಂಕಮ್ಮ ಇದ್ದಾಳೋ ಇಲ್ಲವೋ ಗೊತ್ತಿರಲಿಲ್ಲ. ಕೇಳಿದವರು ಮನೆ ತೋರಿಸಿದರು. ಬಾಗಿಲು ತೆರೆದಿತ್ತು, ಮುಂದೆ ಯಾರೂ ಇರಲಿಲ್ಲ. ಕೂಗಲು ಸಂಕೋಚವಾಗಿ ನಿಂತೆ, ನಿಂತಲ್ಲೇ ಕೈ ತನ್ನ ಕೆಲಸ ಮಾಡಿತು. ಗೋಡೆಯನ್ನು ಎರಡು ಸಲ ತಟ್ಟಿದೆ.

“ಗ್ವಾಡಿ ಗಟ್ಟಿ ಐತಿ, ಒಳಗ ಬಂದು ಕುಂದುರ್ರಿ ಸಾರ್” ಎಂದಿತು ಒಳಗಿನಿಂದ ಒಂದು ದನಿ.

ಎಪ್ಪತ್ತೈದರ ಸುಂಕಮ್ಮ ಒಣಮೆಣಸಿನಕಾಯಿಯ ರಾಶಿಯ ಮುಂದೆ ಕೂತು ಮಗಳೊಂದಿಗೆ ತೊಟ್ಟು ಬಿಡಿಸುತ್ತಿದ್ದಳು. ಮೆಣಸಿನ ಘಾಟಿಗೋ ಏನೋ ನನ್ನ ಕಣ್ಣಲ್ಲಿ ನೀರು ಬಂತು. ಆಮೇಲಿನ ವರ್ಷಗಳಲ್ಲಿ ಗಾರೆಯ ಕೆಲಸಕ್ಕೆ ಯಾರೂ ಕರೆಯಲಿಲ್ಲವಂತೆ. ತಾನೂ ಸಿಮೆಂಟಿನ ಬುಟ್ಟಿಯನ್ನೇ ಹೊತ್ತೆ, ಬೆರಳು ಸೀಳಿದವು, ಆದರೆ ಒಂದು ದಿನವೂ ಅದನ್ನು ಬಾಯಲ್ಲಿ ಹಾಕಿ ನೋಡಬೇಕು ಅನ್ನಿಸಲಿಲ್ಲ ಎಂದು ನಗುತ್ತ ಹೇಳಿದಳು. ಆ ನಗುವಿನಲ್ಲಿ ಬೈಗುಳ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಗೋಪುರದ ಗತಿ ಹೇಳಿದೆ. ತಪ್ಪಾಯಿತು ಎಂದೆ. ಆಕೆ ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಕಿತ್ತು ಬದಿಗೆ ಹಾಕಿದಳು.

“ನನಗ ಹೇಳಿದ್ರ ಏನಾಗತೈತ್ರಿ? ಗ್ವಾಡಿ ಅವರದು. ಅವರಿಗೆ ಹೇಳ್ರಿ.”

ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡು, “ತೊಟ್ಟ್ಯಾಗಿನ ಸುಣ್ಣ ಏನಾತು?” ಎಂದು ಕೇಳಿದಳು. ನನಗೆ ಆ ತೊಟ್ಟಿಯ ನೆನಪೇ ಇರಲಿಲ್ಲ. ನೀರು ಆರದಿದ್ದರೆ ಸುಣ್ಣ ಕೆಡುವುದಿಲ್ಲ, ಹಳತಾದಷ್ಟೂ ಒಳ್ಳೆಯದಾಗುತ್ತದೆ, ರತ್ನಂ ತಾತಗ ಹೇಳಿ ಬಂದಿದ್ದೆ, ನೋಡೋಣ ನಡೀರಿ ಎಂದು ಎದ್ದೇ ಬಿಟ್ಟಳು. ಮಗಳು ಬೇಡವೆಂದರೂ ಕೇಳಲಿಲ್ಲ.

ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ನಾನು ಹೇಳಬೇಕಿಲ್ಲ. ಇಲ್ಲಿ ಮೂವತ್ತೈದು ಬೇಸಿಗೆಗೆ ಬಾವಿಯೇ ಬತ್ತುತ್ತದೆ, ಒಂದು ತೊಟ್ಟಿಯ ನೀರಿನ ಪಾಡೇನು? ಬಸ್ಸಿನಲ್ಲಿ ನಾನು ಇದನ್ನೇ ಎಣಿಸುತ್ತ ಕೂತಿದ್ದೆ. ಚರ್ಚಿನ ಹಿಂದೆ ಹೋದರೆ ಚಪ್ಪಡಿ ಅಲ್ಲೇ ಇತ್ತು, ಅದರ ಒಂದು ಮೂಲೆಯಲ್ಲಿ ಅಂಗೈಯಗಲದ ಸಂದು, ಸಂದಿನ ಸುತ್ತ ಹಸಿರು ಪಾಚಿ. ನಮ್ಮ ಊರಿನಲ್ಲಿ ಮೇ ತಿಂಗಳ ಪಾಚಿ ಎಂದರೆ ಸಣ್ಣ ಸಂಗತಿಯಲ್ಲ. ಇದಕ್ಕೆ ನೀರು ಯಾರು ಹಾಕುತ್ತಾರೆ ಎಂದು ಸುಗುಣಳನ್ನು ಕೇಳಿದೆ.

“ನಾನರೀ. ಐತವಾರ ಗಂಟಿ ಬಾರಿಸಿದ ಮ್ಯಾಲ ಒಂದು ಕೊಡ, ಬ್ಯಾಸಗ್ಯಾಗ ಎರಡು. ಅಪ್ಪ ಹಾಕ್ತಿದ್ದ, ನಾನೂ ಹಾಕ್ತೀನಿ. ಯಾಕಂತ ಕೇಳಿದ್ದಿಲ್ಲ.”

ಪ್ರಾರ್ಥನೆಯ ಒಂದು ಭಾಗ ಎಂದೇ ಅವಳು ತಿಳಿದಿದ್ದಳಂತೆ. ಸುಂಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾಲ್ಕು ಜನ ಸೇರಿ ಚಪ್ಪಡಿ ಸರಿಸಿದೆವು. ಗೋಣಿಚೀಲ ಎಂದೋ ಕೊಳೆತುಹೋಗಿತ್ತು. ನಾನು ಹಾರೆಯಿಂದ ಕುಕ್ಕಿದರೆ ಟಣ್ ಎಂದು ಕಲ್ಲಿನ ಸದ್ದು. ಮುಗಿಯಿತು ಎಂದುಕೊಂಡೆ. ಸುಂಕಮ್ಮ ಗದರಿಸುವ ದನಿಯಲ್ಲಿ ಮೇಲಿನ ಹಕ್ಕಳೆ ಒಡೆಯಲು ಹೇಳಿದಳು. ಒಡೆದೆ. ಎರಡು ಬೆರಳು ದಪ್ಪದ ಹಕ್ಕಳೆಯ ಕೆಳಗೆ ಹಾರೆ ಸದ್ದಿಲ್ಲದೆ ಒಳಗಿಳಿಯಿತು. ಎತ್ತಿದರೆ ತುದಿಯಲ್ಲಿ ಬೆಣ್ಣೆಯಂಥ ಸುಣ್ಣ. ಸುಂಕಮ್ಮ ಹೆಬ್ಬೆರಳು ತೋರುಬೆರಳಿನ ನಡುವೆ ಒಂದಿಷ್ಟು ತಿಕ್ಕಿ, ಕೆಳಗಿನ ಅಂತಸ್ತಿನ ತನ್ನ ಹಳೆಯ ಗೋಡೆಗೆ ಒಂದು ಬೊಟ್ಟು ಇಟ್ಟಳು. ಹಿಡಿದುಕೊಂಡಿತು. ನನಗೆ ಅಳು ಬಂತು, ಈ ಸಲ ಮೆಣಸಿನಕಾಯಿಯೂ ಹತ್ತಿರ ಇರಲಿಲ್ಲ.

ಆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕಮಿಟಿ ಸೇರಿತು. ಹೆಚ್ಚಿನವರು ಕೆಡವುವ ಪಕ್ಷ. ಹಳೆಯ ಕಟ್ಟಡಕ್ಕೆ ಆಯುಷ್ಯ ಮುಗಿದಿದೆ, ಇನ್ನು ಜೀವಕ್ಕೆ ಅಪಾಯ ಎಂದು ಒಬ್ಬರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಚಕ್ಕೆ ಬಿದ್ದ ಜಾಗದಿಂದ ಅವರ ಮೊಮ್ಮಗಳು ಆಗತಾನೆ ಎದ್ದು ಹೋಗಿದ್ದಳು. ನನ್ನ ಅಭಿಪ್ರಾಯ ಕೇಳಿದರು. ಎದ್ದು ನಿಂತೆ. ಗೋಪುರಕ್ಕೆ ಮುಪ್ಪಿನ ರೋಗ ಅಲ್ಲ, ಅದಕ್ಕೆ ಬಂದದ್ದು ನನ್ನ ರೋಗ, ಬೇಡ ಎಂದು ಹೇಳಿದವಳನ್ನು ಕೆಲಸದಿಂದ ಕಳಿಸಿ ಸಿಮೆಂಟ್ ಹೊಡೆಸಿದವನು ನಾನು, ಹೇಳಿದವಳು ಇಲ್ಲೇ ಹಿಂದಿನ ಬೆಂಚಿನಲ್ಲಿ ಕೂತಿದ್ದಾಳೆ ಎಂದೆ. ಎಲ್ಲರೂ ಹಿಂದಿನ ಬೆಂಚಿನ ಕಡೆ ತಿರುಗಿದರು. ಕೊನೆಗೆ ಆ ಮೊಮ್ಮಗಳ ಅಜ್ಜನೇ ಕನ್ನಡಕ ತೆಗೆದು ನನ್ನನ್ನು ನೋಡಿ, “ಹಂಗಾರ ಇಷ್ಟು ವರ್ಷ ನಾವು ಸುಮ್ಮನ ಮಳಿಗೆ ಬೈದ್ವಿ” ಎಂದರು. ಬಳ್ಳಾರಿಯ ಮಳೆಗೆ! ಒಬ್ಬರು ನಕ್ಕರು, ಆಮೇಲೆ ಎಲ್ಲರೂ.

ಸುಗುಣ ಅಷ್ಟರಲ್ಲಿ ಫೋನಿನಲ್ಲಿ ಕೆಲವು ಚಿತ್ರ ತೆರೆದು ಎಲ್ಲರಿಗೂ ತೋರಿಸಿದಳು. ಗಂಟೆಯ ಮೇಲಿನ ಹೆಸರನ್ನು ಟೈಪ್ ಮಾಡಿ ಹುಡುಕಿದ್ದಳಂತೆ. ಐರ್ಲೆಂಡಿನ ಆ ಪಟ್ಟಣದ ಹಳೆಯ ಚರ್ಚು, ಹಳೆಯ ಮಾರುಕಟ್ಟೆ, ಒಂದು ಗಡಿಯಾರದ ಕಟ್ಟಡ. ಅವರೂ ನಡುವೆ ಸಿಮೆಂಟ್ ಬಳಿದು ಕೆಡಿಸಿಕೊಂಡು, ಈಗ ಅದನ್ನೆಲ್ಲ ಕಿತ್ತು ಮತ್ತೆ ಸುಣ್ಣದ ಗಾರೆ ಮಾಡಿಸಿದ್ದಾರೆ ಎಂದು ಬರೆದಿತ್ತು. ಅಷ್ಟು ದೂರದಲ್ಲಿಯೂ ನನ್ನಂಥ ಒಬ್ಬ ಜಾಣ ಇದ್ದ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು. ಸುಂಕಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಆ ಚರ್ಚಿನ ಬಿಳಿಯ ಗೋಪುರವನ್ನು ಬಹಳ ಹೊತ್ತು ನೋಡಿದಳು.

“ಅಲ್ಲೂ ಯಾವಾಕೋ ಒಬ್ಬಾಕಿ ಚಲೋ ಹದ ಮಾಡ್ಯಾಳ” ಎಂದಳು.

ಗೋಪುರದ ಒಂದು ಮಗ್ಗುಲನ್ನು ಮಾಡಿ ನೋಡೋಣ, ಒಂದು ಮಳೆಗಾಲ ತಡೆದರೆ ಮುಂದಿನದು, ಅಲ್ಲಿಯವರೆಗೆ ಕೆಳಗೆ ಯಾರೂ ಓಡಾಡದಂತೆ ಬೇಲಿ ಎಂದು ತೀರ್ಮಾನವಾಯಿತು. ಸಡಿಲ ಸಿಮೆಂಟನ್ನೆಲ್ಲ ಕಿತ್ತು, ಕೆಟ್ಟ ಇಟ್ಟಿಗೆ ಬದಲಿಸಿ, ತೊಟ್ಟಿಯ ಸುಣ್ಣದಲ್ಲಿ ಮೊದಲ ಮಗ್ಗುಲು ಮುಗಿಸಿದೆವು. ಸುಂಕಮ್ಮ ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರೆ ಅರೆಯುವುದು ಆಕೆಯ ಮಗಳು, ಜರಡಿ ಹಿಡಿಯುವುದು ನಾನು. ಲಾರಿ ಬಂದರೆ ಉಸುಕು ಬಾಯಿಗೆ ಹಾಕಿ ನೋಡುವುದೂ ನಾನೇ, ಆಕೆಗೆ ಈಗ ನಾಲಿಗೆ ಮೊದಲಿನಷ್ಟು ಚುರುಕಿಲ್ಲವಂತೆ. ಮಳೆಗಾಲ ಬಂತು, ಹೋಯಿತು. ಒಳಗೋಡೆ ಒಣಗಿಯೇ ಇತ್ತು. ಗೋಪುರ ಉಳಿಯಿತು. ಆಮೇಲೆ ಹೊಸ ಸುಣ್ಣ ಅರಳಿಸಿದೆವು. ಅದಕ್ಕೆ ಹಳೆಯ ಸುಣ್ಣದ ಒಂದು ಹಿಡಿ ಸೇರಿಸುವುದು ಸುಂಕಮ್ಮನ ಪದ್ಧತಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅದರಿಂದ ಏನಾಗುತ್ತದೆ ಎಂದು ನನ್ನ ಡಿಪ್ಲೊಮಾ ಹೇಳುವುದಿಲ್ಲ. ನಾನೂ ಕೇಳಲಿಲ್ಲ.

ನಿನ್ನೆ ನಾಲ್ಕನೆಯ ಮಗ್ಗುಲು ಮುಗಿಯಿತು. ಉಳಿದ ಸುಣ್ಣವನ್ನು ತೊಟ್ಟಿಗೆ ತುಂಬಿ, ನನ್ನ ಕೈಯಿಂದಲೇ ಹೊಸ ಗೋಣಿಚೀಲ ಹೊದಿಸಿ, ನೀರು ಬಿಟ್ಟು ಚಪ್ಪಡಿ ಮುಚ್ಚಿದೆವು. ಮುಂದೆ ಯಾವಾಗ ಬೇಕಾಗುತ್ತದೋ, ಯಾರಿಗೆ ಬೇಕಾಗುತ್ತದೋ. ಸುಗುಣ ತನ್ನ ಕೊಡ ಹಾಕಿದಳು, ಈಗ ಯಾಕೆಂದು ಅವಳಿಗೆ ಗೊತ್ತು. ನಾನು ಕೈ ತೊಳೆಯುತ್ತ, ಅಂತೂ ಒಂದು ಕೆಲಸ ಮುಗಿಯಿತು, ನನ್ನ ಭಾರ ಇಳಿಯಿತು ಎಂದೆ. ಹಾಗೆ ಹೇಳುವಾಗ ಮನಸ್ಸಿನಲ್ಲಿ ಖುಷಿಗಿಂತ ಬೇಸರವೇ ಹೆಚ್ಚಿತ್ತು, ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು?

ಸುಂಕಮ್ಮ ಕುರ್ಚಿಯಿಂದ ಏಳದೆ ರಸ್ತೆಯ ಆಚೆಗೆ ಕೈ ತೋರಿಸಿದಳು. ಅಲ್ಲೊಂದು ಹಳೆಯ ಬಂಗಲೆ ಇದೆ, ಕಮಾನಿನ ವರಾಂಡದ್ದು, ಈಗ ಮಕ್ಕಳ ಓದುವ ಮನೆಯಾಗಿದೆ. ಅದರ ಗೋಡೆಯ ಬುಡದಲ್ಲಿ ಬೂದು ಬಣ್ಣದ ಸಿಮೆಂಟ್ ಚಕ್ಕೆ ಎದ್ದಿತ್ತು. ಅದು ಯಾರ ಕೈವಾಡ ಎಂದು ನನಗೆ ಚೆನ್ನಾಗಿ ನೆನಪಿತ್ತು. ಸುಂಕಮ್ಮನಿಗೂ ಅದು ಗೊತ್ತಿತ್ತು.

“ಅದಕ್ಕೂ ಸಿಮೆಂಟ್ ನೀವ ಹೊಡಿಸಿದ್ದಲ್ಲೇನ್ರಿ? ಅವರ ಕೂಡ ಮಾತಾಡೀನಿ. ನಾಳಿಂದ ಅಲ್ಲಿಗೆ ಬರ್ರಿ ಸಾರ್.”

ಚಹಾ ಆರಿಹೋಗಿದೆ. ಲೋಟಕ್ಕೂ ಸುಣ್ಣದ ವಾಸನೆ ಹತ್ತಿರಬೇಕು, ತೊಳೆದಿಟ್ಟರೆ ಹೆಂಡತಿಗೆ ಗೊತ್ತಾಗಲಿಕ್ಕಿಲ್ಲ. ಹಳೆಯ ಅಂಗಿ ಎಲ್ಲಿಟ್ಟಿದ್ದೀ ಎಂದು ಕೇಳಿದೆ. ಅವಳು ಮೂಗು ಮುರಿದು, ಆಗಲೇ ಹೊರಗಿನ ಹಗ್ಗದ ಮೇಲೆ ಹಾಕೀನಿ ನೋಡ್ರಿ, ಸಿರಿಗೇರಿ ಬಸ್ಸು ಬರೋ ಹೊತ್ತಾತು ಎಂದಳು. ಸುಂಕಮ್ಮ ಬರುವ ಮೊದಲೇ ನಾನಲ್ಲಿ ಇರಬೇಕು.